ಜಡ್ಜ್‌ಗಳಿಗೂ ವೋಟ್ ಹಾಕ್ಬೇಕಾ? ರೋಸ್ ಬರ್ಡ್ ಕಥೆ ಗೊತ್ತಿರೋರು ಹೇಳಿ

ಸನ್ನಿವೇಲ್_ಸುಮಾ

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗತ್ತೆ ಬೈಕೋಬೇಡಿ.

2022ರಲ್ಲಿ ಅಮೆರಿಕನ್ ಸಿಟಿಜನ್ ಆದ್ಮೇಲೆ ಮೊದಲ್ನೇ ಸಲ ಬ್ಯಾಲೆಟ್ ಮನೆಗೆ ಬಂತು. ಊಟದ ಟೇಬಲ್ ಮೇಲೆ ಹಾಸ್ಕೊಂಡು ಕೂತೆ, ಗವರ್ನರ್ ಸರಿ, ಸೆನೆಟರ್ ಸರಿ, ಪ್ರಾಪೊಸಿಷನ್ (ಜನರೇ ನೇರವಾಗಿ ವೋಟ್ ಹಾಕೋ ಕಾನೂನು ಪ್ರಸ್ತಾವ) ಅಂತ ಒಂದಷ್ಟು ತಲೆನೋವು ಅದೂ ಸರಿ, ಇನ್ನೊಂದು ಕಡೆ ನೋಡಿದ್ರೆ ಜಡ್ಜ್‌ಗಳ ಹೆಸರು! ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿನ ಪೆಟ್ರೀಷಿಯಾ ಗೆರೆರೋ, ಗುಡ್ವಿನ್ ಲಿಯು, ಮಾರ್ಟಿನ್ ಜೆಂಕಿನ್ಸ್, ಜೋಶುವಾ ಗ್ರೋಬನ್. ಎದುರಾಳಿ ಯಾರೂ ಇಲ್ಲ, ಪಾರ್ಟಿ ಹೆಸರಿಲ್ಲ, ಚಿಹ್ನೆ ಇಲ್ಲ, ಇವ್ರು ಹುದ್ದೆಲಿ ಮುಂದುವರೀಬೇಕಾ ಅಂತ ಬರೀ ಯೆಸ್ ಇಲ್ಲಾ ನೋ. ಇವ್ರು ಏನು ತೀರ್ಪು ಕೊಟ್ಟಿದಾರೆ ಅಂತ ನಂಗೆಲ್ಲಿ ಗೊತ್ತು? ಅಪ್ಪಂಗೆ ವಾಟ್ಸಾಪ್ ಕಾಲಲ್ಲಿ ಹೇಳಿದ್ರೆ "ಜಡ್ಜ್‌ಗೆ ಓಟಾ? ಜಡ್ಜು ಪ್ರಚಾರಕ್ಕೆ ಹೋದ್ರೆ ಕೇಸ್ ಯಾರು ಕೇಳ್ತಾರೆ?" ಅಂದ್ರು. ನಾಲ್ಕೂ ಖಾಲಿ ಬಿಟ್ಟು ಕವರ್ ಅಂಟಿಸ್ದೆ.

ಹೋದ್ವಾರ ಪಕ್ಕದ್ಮನೆ ಅಜ್ಜಿ ಹತ್ರ ಇದೇ ಮಾತು ಬಂತು. ಆಯಮ್ಮ ಹುಟ್ಟಿ ಬೆಳೆದಿದ್ದೆಲ್ಲ ಇಲ್ಲೇ. "ನಾವು ರೋಸ್ ಬರ್ಡ್‌ನ ಮನೆಗೆ ಕಳಿಸಿದೋರು, ನಾನೂ ನೋ ಒತ್ತಿದ್ದೆ, ಈಗ ನೆನೆಸ್ಕೊಂಡ್ರೆ ಒಂಥರಾ ಆಗತ್ತೆ" ಅಂದು ಗಿಡಕ್ಕೆ ನೀರು ಬಿಡ್ತಾ ಸುಮ್ಮನಾಗ್ಬಿಟ್ರು. ಒಂಥರಾ ಅಂದ್ರೆ ಏನು ಅಂತ ಕೇಳೋಕೆ ಮನಸ್ಸಾಗ್ಲಿಲ್ಲ. ಯಾರೀ ರೋಸ್ ಬರ್ಡ್? ಗೊತ್ತಿರೋರು ಹೇಳಿ ಪ್ಲೀಸ್.

ಹಳೇ_ಸ್ಯಾನೋಸೆ

ಸುಮಾ ಅವ್ರೇ, ಎಷ್ಟು ವರ್ಷ ಆಯ್ತು ಆ ಹೆಸರು ಕೇಳಿ. ನಾನು ಈ ಊರಿಗೆ ಬಂದಿದ್ದು 1981ರಲ್ಲಿ, 1986ರ ಎಲೆಕ್ಷನ್ ಕಣ್ಣಾರೆ ನೋಡಿದೋನು, ಗ್ರೀನ್ ಕಾರ್ಡು, ವೋಟ್ ಇರ್ಲಿಲ್ಲ ಅಷ್ಟೇ.

ರೋಸ್ ಎಲಿಜಬೆತ್ ಬರ್ಡ್. ಹುಟ್ಟಿದ್ದು 1936, ಅರಿಜೋನಾದ ಟೂಸಾನ್ ಹತ್ರ. ಅಪ್ಪ ಚಿಕ್ಕಂದಿನಲ್ಲೇ ಹೋದ್ರು. ಅಮ್ಮ ಮಕ್ಕಳನ್ನ ಕಟ್ಕೊಂಡು ನ್ಯೂಯಾರ್ಕ್ ಕಡೆ ಹೋಗಿ ಪ್ಲಾಸ್ಟಿಕ್ ಫ್ಯಾಕ್ಟರಿಲಿ ದುಡಿದು ಸಾಕಿದ್ರು. ಓದಿನಲ್ಲಿ ಜೋರು ಹುಡುಗಿ, ಸ್ಕಾಲರ್‌ಶಿಪ್ಪಲ್ಲೇ ಓದಿ ಬರ್ಕ್ಲಿಗೆ ಬಂದು 1965ರಲ್ಲಿ ಲಾ ಮುಗಿಸಿದ್ರು. ನೆವಾಡಾ ಸುಪ್ರೀಂ ಕೋರ್ಟ್ ಚೀಫ್ ಜಸ್ಟಿಸ್ ಹತ್ರ ಒಂದು ವರ್ಷ ಕ್ಲರ್ಕು, ಆಮೇಲೆ ನಮ್ಮದೇ ಸಾಂತಾ ಕ್ಲಾರಾ ಕೌಂಟಿಲಿ ಡೆಪ್ಯುಟಿ ಪಬ್ಲಿಕ್ ಡಿಫೆಂಡರ್, ಅಂದ್ರೆ ದುಡ್ಡಿಲ್ಲದ ಆರೋಪಿಗಳ ಪರ ಸರ್ಕಾರಿ ಸಂಬಳದ ವಕೀಲೆ. ಆ ಆಫೀಸಿನ ಮೊದಲ ಹೆಂಗಸು. 1966ರಿಂದ 74ರವರೆಗೆ ಅದೇ ಕೆಲಸ, ಮಧ್ಯೆ ಸ್ಟ್ಯಾನ್‌ಫೋರ್ಡಲ್ಲಿ ಪಾಠ. ಅಂದ್ರೆ ನಿಮ್ಮ ಮನೆಯಿಂದ ಹದಿನೈದು ಇಪ್ಪತ್ತು ನಿಮಿಷದ ದಾರಿ, ಅಲ್ಲೇ ಓಡಾಡ್ಕೊಂಡಿದ್ದವರು.

1974ರಲ್ಲಿ ಜೆರ್ರಿ ಬ್ರೌನ್ ಗವರ್ನರ್‌ಗಿರಿಗೆ ನಿಂತಾಗ ಪ್ರಚಾರದಲ್ಲಿ ಕೆಲಸ ಮಾಡಿದ್ರು, ಅವ್ನು ಗೆದ್ದು ಇವ್ರನ್ನ ಅಗ್ರಿಕಲ್ಚರ್ ಮತ್ತು ಸರ್ವೀಸಸ್ ಸೆಕ್ರೆಟರಿ ಮಾಡ್ದ. ಕ್ಯಾಲಿಫೋರ್ನಿಯಾ ಕ್ಯಾಬಿನೆಟ್ಟಿನಲ್ಲಿ ಮೊದಲ ಹೆಂಗಸು. 1977ರಲ್ಲಿ ಇನ್ನೂ ದೊಡ್ಡ ಬಾಂಬು, ನಲವತ್ತು ವರ್ಷದ ಈಯಮ್ಮನ್ನ ನೇರವಾಗಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿನ ಚೀಫ್ ಜಸ್ಟಿಸ್! ಒಂದು ದಿನವೂ ಜಡ್ಜ್ ಆಗಿ ಕೂತಿರ್ಲಿಲ್ಲ. ಆ ಕೋರ್ಟಲ್ಲಿ ಅಲ್ಲೀವರೆಗೆ ಒಬ್ಬ ಹೆಣ್ಣು ಜಡ್ಜೂ ಇರ್ಲಿಲ್ಲ, ಬಂದ ಮೊದಲನೆಯವಳೇ ಎಲ್ಲರ ಮೇಲೆ. ಊಹಿಸ್ಕೊಳ್ಳಿ.

ಉಳಿದಿದ್ದು ರಾತ್ರಿ ಬರೀತೀನಿ, ಮೊಮ್ಮಗಳನ್ನ ಸ್ವಿಮ್ಮಿಂಗಿಗೆ ಬಿಡೋಕೆ ಹೋಗ್ಬೇಕು.

ಮಂಡ್ಯದ್_ಮಗ

ಅಣ್ಣಾ ಅಗ್ರಿಕಲ್ಚರ್ ಸೆಕ್ರೆಟರಿ ಆಗಿ ಏನ್ ಮಾಡುದ್ರು ಅಂತ ಹೇಳ್ದೆ ಹೊಂಟೋದ್ರಲ್ಲ. ವಕೀಲಮ್ಮಂಗೆ ಬೇಸಾಯ ಏನ್ ಗೊತ್ತು?

ಹಳೇ_ಸ್ಯಾನೋಸೆ

ಕಾರಲ್ಲೇ ಕೂತು ಟೈಪ್ ಮಾಡ್ತಿದೀನಿ. ಗೌಡ್ರೇ ನಿಮಗೆ ಇಷ್ಟ ಆಗೋ ಕಥೆ ಇದು.

ಸಲಿನಾಸ್ ಕಡೆ ಲೆಟಸ್, ಬೀಟು ಬೆಳೆಯೋ ಹೊಲಗಳಲ್ಲಿ ಕೂಲಿಯವರಿಗೆ ಗಿಡ್ಡ ಹಿಡಿಯ ಗುದ್ದಲಿ ಕೊಡ್ತಿದ್ರು, ಸ್ಪ್ಯಾನಿಷಲ್ಲಿ ಎಲ್ ಕೊರ್ತಿತೋ. ಒಂದೂವರೆ ಎರಡಡಿ ಹಿಡಿ ಅಷ್ಟೇ. ಇಡೀ ದಿನ ಸೊಂಟ ಮುರ್ಕೊಂಡು ಬಗ್ಗೇ ಕಳೆ ತೆಗೀಬೇಕು, ಸಸಿ ಬಿಡಿಸ್ಬೇಕು. ಉದ್ದ ಹಿಡಿ ಕೊಟ್ರೆ ಗಿಡ ಹಾಳಾಗತ್ತೆ ಅನ್ನೋದು ಮಾಲೀಕರ ವಾದ. ಕೂಲಿಗಳು ಹೇಳ್ತಿದ್ದ ಕಾರಣ ಬೇರೆ, ಯಾರು ಸೊಂಟ ನೆಟ್ಟಗೆ ಮಾಡಿದ್ರೂ ಮೇಸ್ತ್ರಿಗೆ ದೂರದಿಂದಲೇ ಕಾಣತ್ತೆ, ಕೆಲಸ ನಿಲ್ಲಿಸಿದ್ದಾನೆ ಅಂತ ಗೊತ್ತಾಗತ್ತೆ. ಹಳ್ಳಿ ಬಡವರಿಗೆ ಕಾನೂನು ನೆರವು ಕೊಡೋ ಸಂಸ್ಥೆಯೊಂದು ಕೇಸ್ ಹಾಕಿ, ಡಾಕ್ಟರುಗಳ ಕೈಲಿ ಬೆನ್ನುಮೂಳೆ ಬಗ್ಗೆ ಸಾಕ್ಷಿ ಹೇಳಿಸಿ, 1975ರ ಜನವರಿಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಲ್ಲಿ ಗೆದ್ರು, ಆ ವರ್ಷವೇ ಆ ಗುದ್ದಲಿ ನಿಷೇಧ ಆಯ್ತು. ಆಗ ಸೆಕ್ರೆಟರಿ ರೋಸ್ ಬರ್ಡ್.

ಅದೇ ವರ್ಷ ಹೊಲದ ಕೂಲಿಗಳು ಗುಟ್ಟಿನ ಮತದಾನ ಮಾಡಿ ತಮ್ಮ ಯೂನಿಯನ್ ಆರಿಸ್ಕೊಳೋ ಕಾನೂನು ಬಂತು, ಅದನ್ನ ರೂಪಿಸಿದ್ರಲ್ಲೂ ಇವ್ರ ಕೈ ಇತ್ತು. 1935ರ ಫೆಡರಲ್ ಕಾರ್ಮಿಕ ಕಾನೂನು ಹೊಲದ ಕೆಲಸದೋರನ್ನ ಹೊರಗೇ ಇಟ್ಟಿತ್ತು ಗೊತ್ತಾ? ನಲವತ್ತು ವರ್ಷ ಹಂಗೇ ನಡೀತು. ದೊಡ್ಡ ದೊಡ್ಡ ಜಮೀನ್ದಾರರು ಇದನ್ನ ಮರೀಲಿಲ್ಲ. ಮುಂದೆ ಎಲೆಕ್ಷನ್ನಲ್ಲಿ ಇವ್ರ ವಿರುದ್ಧ ದುಡ್ಡು ಮೊದಲು ಹರಿದಿದ್ದೇ ಆ ಕಡೆಯಿಂದ.

ಮಂಡ್ಯದ್_ಮಗ

ನಮ್ ಕಡೆ ಅದುಕ್ಕೆ ವಾರೆ ಅಂತೀವಿ ಅಣ್ಣ. ನಮ್ಮವ್ವ ರಾಗಿ ಹೊಲ್ದಲ್ಲಿ ಕಳೆ ಕೀಳಿ ಕೀಳಿ ಈಗ ನೆಟ್ಟಗೆ ನಿಂತ್ಕಳಕ್ಕೇ ಆಗಲ್ಲ, ಬಸ್ ಹತ್ತದ್ರೂ ಬಗ್ಗೇ ಹತ್ತದು. ಅದು ಬೆನ್ನಿಗೆ ಕೇಡು ಅಂತ ಒಂದು ಕೋರ್ಟು ಕೂತ್ಕಂಡು ಕೇಳ್ತು ಅಂದ್ರೆ ನಂಗೆ ನಂಬಕ್ಕಾಯ್ತಿಲ್ಲ.

ಕಡಕ್_ಚಾ

ಎಲ್ಲಾ ಸೆಂಟಿಮೆಂಟ್ ಆಗ್ತಿದೀರಾ ಸೋ ನಾನೇ ಕೆಟ್ಟವನಾಗ್ತೀನಿ. ರೋಸ್ ಬರ್ಡ್ ಹತ್ರ ಬಂದ ಮರಣದಂಡನೆ ಕೇಸು 61. ಆಯಮ್ಮ ಎಷ್ಟರಲ್ಲಿ ಶಿಕ್ಷೆ ರದ್ದು ಮಾಡೋಕೆ ವೋಟ್ ಹಾಕಿದ್ರು? 61. ಒಂದೇ ಒಂದು ಬಿಡ್ಲಿಲ್ಲ. ಅಲ್ಲಾ ಸ್ವಾಮಿ, 61ರಲ್ಲಿ ಒಂದಾದ್ರೂ ನೆಟ್ಟಗೆ ನಡೆದ ಟ್ರಯಲ್ ಇರ್ಲಿಲ್ವಾ? ಮರಣದಂಡನೆ ಇರಲಿ ಅಂತ ಕ್ಯಾಲಿಫೋರ್ನಿಯಾ ಜನ 1972ರಲ್ಲಿ ವೋಟ್ ಹಾಕಿದ್ರು, 1978ರಲ್ಲಿ ಮತ್ತೆ ಹಾಕಿ ಇನ್ನೂ ಬಿಗಿ ಮಾಡಿದ್ರು. ಜನ ಮಾಡಿದ ಕಾನೂನು ಇಷ್ಟ ಇಲ್ಲ ಅಂದ್ರೆ ರಾಜೀನಾಮೆ ಕೊಡ್ಲಿ, ಪ್ರತಿ ಕೇಸಲ್ಲೂ ಒಂದೊಂದು ತಾಂತ್ರಿಕ ಕಾರಣ ಹುಡ್ಕೋದಲ್ಲ. ಜನ ನೋಡಿದ್ರು ನೋಡಿದ್ರು, 1986ರಲ್ಲಿ ಮೂರನೇ ಎರಡರಷ್ಟು ಜನ ನೋ ಅಂದ್ರು. ಅದೇ ಪ್ರಜಾಪ್ರಭುತ್ವ. ನಮ್ಮಲ್ಲಿ ಜಡ್ಜ್ ಏನೇ ಮಾಡಿದ್ರೂ ನಾವು ಬಾಯಿ ಮುಚ್ಕೊಂಡು ಕೂರ್ಬೇಕು, ಇಲ್ಲಿ ಹಾಗಲ್ಲ.

ಧಾರವಾಡ_ವಕೀಲ

ಚಾ ಅವ್ರ, ನಿಮ್ಮ ಮಾತು ಅರ್ಧ ಒಪ್ಪತೀನ್ರಿ. 61ಕ್ಕ 61 ಅಂದ್ರ ನೋಡೋರಿಗೆ ಕಣ್ಣಿಗೆ ಚುಚ್ಚತೈತಿ, ಅದನ್ನ ಸುಳ್ಳ ಅಂತ ಹೇಳಾಕ ಬರೂದಿಲ್ಲ. ಆದ್ರ ಉಳಿದರ್ಧ ಕೇಳ್ರಿ.

ಕ್ಯಾಲಿಫೋರ್ನಿಯಾದಾಗ ಮರಣದಂಡನೆ ಆತಂದ್ರ ಅಪೀಲು ತಾನ ಹೊಂಡತೈತಿ, ನಡುವ ಹೈಕೋರ್ಟ್ ಗಿಯ್ಕೋರ್ಟ್ ಏನೂ ಇಲ್ಲ, ಸೀದಾ ರಾಜ್ಯದ ಸುಪ್ರೀಂ ಕೋರ್ಟಿಗೆ. (ಇಲ್ಲೊಂದು ಗೊಂದಲ ಬಿಡಿಸಿಬಿಡ್ತೀನಿ. ರಾಜ್ಯದ ಸುಪ್ರೀಂ ಕೋರ್ಟ್ ಅಂದ್ರ ನಮ್ಮ ಹೈಕೋರ್ಟ್ ಇದ್ದಂಗ ಅಂತ ಭಾಳ ಮಂದಿ ತಿಳ್ಕೊಂಡಾರ. ಹಂಗಲ್ಲ. ಆ ರಾಜ್ಯದ ಕಾನೂನು, ಆ ರಾಜ್ಯದ ಸಂವಿಧಾನದ ವಿಷಯದಾಗ ಅವರ ಮಾತ ಕಡೀ ಮಾತು. ವಾಷಿಂಗ್ಟನ್ನಿನ ದೊಡ್ಡ ಕೋರ್ಟೂ ಅದರಾಗ ಕೈ ಹಾಕೂದಿಲ್ಲ, ಫೆಡರಲ್ ಪ್ರಶ್ನೆ ಇದ್ರಷ್ಟ.) ಕೂತ ಜಡ್ಜ್‌ಗಳು ಏಳು ಮಂದಿ. ಒಬ್ಬಾಕಿ ಎಲ್ಲಾ ರದ್ದ ಮಾಡಾಕ ಆಗೂದಿಲ್ಲ, ನಾಕು ವೋಟ್ ಬೇಕು.

ಮತ್ತ 1978ರ ಕಾನೂನು ಅಂದ್ರಲ್ಲ, ಅದನ್ನ ಬರದ ರೀತೀನ ಸಡ್ಲ ಇತ್ತು. ಕಳ್ಳತನಕ್ಕ ಹೋದಾಗ ಕೊಲೆ ಆತು, ಕೊಲ್ಲೂ ಉದ್ದೇಶ ಇದ್ದಿಲ್ಲ, ಅವನಿಗೂ ಮರಣದಂಡನೆ ಆಗಬಹುದೋ ಇಲ್ಲೋ? 1983ರಾಗ ಕಾರ್ಲೋಸ್ ಕೇಸಿನ್ಯಾಗ ಈ ಕೋರ್ಟು "ಕೊಲ್ಲೂ ಉದ್ದೇಶ ಸಾಬೀತ ಆಗಬೇಕು" ಅಂತು. ಅಷ್ಟೊತ್ತಿಗೆ ಕೆಳಗಿನ ಕೋರ್ಟುಗಳು ಜ್ಯೂರಿಗೆ (ಕೇಸ್ ಕೇಳಿ ತೀರ್ಮಾನ ಹೇಳೂ ಸಾಮಾನ್ಯ ಮಂದಿಗೆ) ಆ ಪ್ರಶ್ನೇನ ಕೇಳದ ಎಷ್ಟೋ ಕೇಸ್ ಮುಗಿಸಿಬಿಟ್ಟಿದ್ವು. ಹಂಗಾಗಿ ಸಾಲ್ಸಾಲ ಕೇಸು ಬಿದ್ದುವು. ಬರ್ಡ್ ಹೋದ ಮ್ಯಾಲೆ 1987ರಾಗ ಆ ಕಾರ್ಲೋಸ್ ತೀರ್ಪನ್ನ ಅದ ಕೋರ್ಟ್ ತಿರಗಾಮುರಗಾ ಮಾಡ್ತು. ಬರದಾವ ಯಾರು ಗೊತ್ತೇನ್ರಿ? ಸ್ಟಾನ್ಲಿ ಮೋಸ್ಕ್, ಬರ್ಡ್ ಜೋಡಿನ ಕೂತಿದ್ದ ಹಳೇ ಜಡ್ಜು, 1986ರ ಬ್ಯಾಲೆಟ್ ಮ್ಯಾಲೆ ಅವನ ಹೆಸರೂ ಇತ್ತು, ಅಂವ ಪಾಸಾದ. ಪುಸ್ತಕದಾಗಿನ ಕಾನೂನಿನ ಒಂದಕ್ಷರ ಬದಲಾಗಿದ್ದಿಲ್ರಿ. ಬದಲಾಗಿದ್ದು ಖುರ್ಚಿ ಅಷ್ಟ.

ಕಡಕ್_ಚಾ

ಸರ್, ಖುರ್ಚಿ ಬದಲಾದ್ರೆ ಕಾನೂನು ಬದಲಾಗತ್ತೆ ಅಂತ ನೀವೇ ಒಪ್ಕೊಂಡ್ರಿ. ಹಾಗಾದ್ರೆ ಖುರ್ಚಿಲಿ ಯಾರು ಕೂರ್ಬೇಕು ಅಂತ ಜನ ಕೇಳಿದ್ರೆ ತಪ್ಪೇನು?

ಧಾರವಾಡ_ವಕೀಲ

ಏಟು ಹೊಡದ್ರಿ ಬಿಡ್ರಿ. ಇವತ್ತ ಕೋರ್ಟ್ ಐತಿ, ಸಂಜೀಕ ಬರ್ತೀನಿ.

ಸನ್ನಿವೇಲ್_ಸುಮಾ

ಅಯ್ಯೋ ಇಷ್ಟೊಂದು ಬರತ್ತೆ ಅಂದ್ಕೊಂಡಿರ್ಲಿಲ್ಲ, ಆಫೀಸ್ ಮೀಟಿಂಗಲ್ಲಿ ಕದ್ದು ಓದ್ತಿದೀನಿ. ಗಲ್ಲಿಗೇರಿಸೋದು ಅಲ್ಲಿ ನಿಂತೇಹೋಗಿತ್ತಾ ಹಾಗಾದ್ರೆ?

ಹಳೇ_ಸ್ಯಾನೋಸೆ

ಗಲ್ಲು ಅಲ್ಲಮ್ಮ, ಇಲ್ಲಿ ಆಗ ಗ್ಯಾಸ್ ಚೇಂಬರು, ಸ್ಯಾನ್ ಕ್ವೆಂಟಿನ್ ಜೈಲಲ್ಲಿ. 1967ರಲ್ಲಿ ಒಬ್ಬನಿಗೆ ಆಗಿದ್ದು, ಆಮೇಲೆ 1992ರವರೆಗೆ ಒಂದೂ ಇಲ್ಲ. ತಮಾಷೆ ಏನು ಗೊತ್ತಾ, ಬರ್ಡ್ ಹೋದ ತಕ್ಷಣ ಎಲ್ಲ ಸರಸರ ಆಗತ್ತೆ ಅಂತ ಜನ ತಿಳ್ಕೊಂಡಿದ್ರು, ಆದ್ರೂ ಮೊದಲನೇದಕ್ಕೇ ಐದೂವರೆ ವರ್ಷ ಹಿಡೀತು. 1978ರಿಂದ ಈಚೆಗೆ ಒಟ್ಟು 13 ಜನ ಅಷ್ಟೇ, ಕೊನೇದು 2006. 2019ರಲ್ಲಿ ಗವರ್ನರ್ ನ್ಯೂಸಮ್ ತಡೆ ಹಾಕಿದ್ರು. ಅಂದ್ರೆ ಯಾವುದಕ್ಕೆ ಅಂತ ಮೂವರು ಜಡ್ಜ್‌ಗಳ ಕೆಲಸ ಕಿತ್ಕೊಂಡ್ರೋ ಅದು ಹೆಚ್ಚು ಕಮ್ಮಿ ಆಗ್ಲೇ ಇಲ್ಲ.

ಈಗ ಎಲೆಕ್ಷನ್ ಕಥೆ. ಇಲ್ಲಿ ಗವರ್ನರ್ ಹೆಸರು ಸೂಚಿಸ್ತಾನೆ, ಮೂರು ಜನದ ಕಮಿಷನ್ ಒಪ್ಬೇಕು, ಮುಂದಿನ ಗವರ್ನರ್ ಎಲೆಕ್ಷನ್ನಲ್ಲಿ ಜನರ ಮುಂದೆ ಹೋಗ್ಬೇಕು. 1934ರಿಂದ ಹಿಂಗೇ. ಪೂರ್ತಿ ಅವಧಿ 12 ವರ್ಷ. ಬರ್ಡ್‌ಗೆ ಕಮಿಷನ್ನಲ್ಲೇ 2-1, ಒದ್ದಾಡಿ ಪಾಸ್ ಆಗಿದ್ದು. ರೋಜರ್ ಮಹೋನಿ ಅನ್ನೋ ಬಿಷಪ್ಪು ಈಯಮ್ಮನ ಸ್ವಭಾವ ಸರಿ ಇಲ್ಲ ಅಂತ ಕಾಗದ ಬೇರೆ ಬರೆದಿದ್ರು. 1978ರಲ್ಲಿ ಮೊದಲ ವೋಟು, ಬಂದಿದ್ದು 51.7 ಪರ್ಸೆಂಟ್. ಅದುವರೆಗೆ ಜಡ್ಜ್‌ಗಳು ನಿದ್ದೆಲೇ ಪಾಸಾಗ್ತಿದ್ದ ಜಾಗ ಅದು.

ಅವತ್ತೇ ಎಲೆಕ್ಷನ್ ದಿನ ಬೆಳಿಗ್ಗೆ ಲಾಸ್ ಏಂಜಲೀಸ್ ಟೈಮ್ಸಲ್ಲಿ ಸುದ್ದಿ, ಬಂದೂಕು ಬಳಸಿದೋರಿಗೆ ಜೈಲು ಕಡ್ಡಾಯ ಅನ್ನೋ ಕಾನೂನಿನ ಬಗ್ಗೆ ಕೋರ್ಟ್ ತೀರ್ಪು ರೆಡಿ ಇಟ್ಕೊಂಡು ಎಲೆಕ್ಷನ್ ಮುಗೀಲಿ ಅಂತ ತಡೀತಿದೆ ಅಂತ. ಬರ್ಡ್ ತಾವೇ ತನಿಖೆ ಮಾಡಿ ಅಂದ್ರು. 1979ರಲ್ಲಿ ಜಡ್ಜ್‌ಗಳನ್ನೇ ಸಾಕ್ಷಿಕಟ್ಟೆಗೆ ಕರೆಸಿ ಬಹಿರಂಗ ವಿಚಾರಣೆ ಶುರುವಾಗಿ, ಮೋಸ್ಕ್ ಅದನ್ನ ಪ್ರಶ್ನಿಸಿ ಕೋರ್ಟಿಗೆ ಹೋಗಿ ಬಾಗಿಲು ಮುಚ್ಚಿಸಿ, ಕೊನೆಗೆ ಯಾರ ಮೇಲೂ ಆರೋಪ ಇಲ್ಲ. ಆದ್ರೆ ಒಳಗಿನ ಮನಸ್ತಾಪ ಎಲ್ಲ ಊರಿಗೇ ಗೊತ್ತಾಗಿಹೋಯ್ತು.

1986ರಲ್ಲಿ ನಾವು ನಾಲ್ಕು ಜನ ಬ್ಯಾಚುಲರ್ಸ್ ಒಂದು ಅಪಾರ್ಟ್‌ಮೆಂಟ್. ಸಂಜೆ ಅನ್ನಕ್ಕಿಟ್ಟು ನ್ಯೂಸ್ ಹಾಕಿದ್ರೆ ಮಧ್ಯೆ ಜಾಹೀರಾತು, ಕೊಲೆಯಾದ ಮಗುವಿನ ಮನೆಯೋರು ಕ್ಯಾಮೆರಾ ನೋಡ್ಕೊಂಡು ಮಾತಾಡೋದು. ಕುಕ್ಕರ್ ಕೂಗಿದ್ರೂ ಯಾರೂ ಏಳ್ತಿರ್ಲಿಲ್ಲ, ಹೊಟ್ಟೆ ಚುರ್ ಅನ್ನೋದು. ಆಮೇಲೆ ಬರ್ಡ್ ಅವ್ರ ಜಾಹೀರಾತು, ಆಯಮ್ಮ ನೆಟ್ಟಗೆ ಕೂತು ನ್ಯಾಯಾಂಗದ ಸ್ವಾತಂತ್ರ್ಯ ಅಂತ ಪಾಠ ಹೇಳೋರು. ಪ್ರಚಾರ ನಡೆಸೋ ಪ್ರೊಫೆಷನಲ್‌ಗಳನ್ನ ಕಳಿಸಿಬಿಟ್ಟಿದ್ರು, ಎಲ್ಲ ತಾವೇ. ನಮ್ಮ ರೂಮ್‌ಮೇಟ್ ಹಾಸನದೋನು "ಈ ಯಮ್ಮ ಒಂಚೂರು ನಕ್ರೆ ಗೆಲ್ತಾರೆ ಕಣ್ರೋ" ಅಂದಿದ್ದು ಇನ್ನೂ ನೆನಪಿದೆ. ಹೆಂಗಸು ನಗ್ಬೇಕು ಅನ್ನೋದು ಕೂಡ ಒಂದು ಕಾಯಿಲೆ ಅಂತ ಆಗ ನಮಗೆ ಹೊಳೀಲಿಲ್ಲ ಬಿಡಿ.

ಎರಡೂ ಕಡೆ ಸೇರಿ ಕೋಟಿ ಡಾಲರ್ ಆಸುಪಾಸು ಖರ್ಚು, 86ರ ದುಡ್ಡು ಅದು. ನವೆಂಬರ್ 4, ಬರ್ಡ್ ಹೋದ್ರು, ಜೊತೆಗೆ ಕ್ರೂಸ್ ರೇನೋಸೋ ಮತ್ತು ಜೋಸೆಫ್ ಗ್ರೋಡಿನ್ ಕೂಡ. ಗವರ್ನರ್ ಜಾರ್ಜ್ ಡ್ಯೂಕ್ಮೇಜಿಯನ್ ಈ ಮೂವರ ವಿರುದ್ಧ ಬಹಿರಂಗವಾಗಿ ನಿಂತಿದ್ದ, ಖಾಲಿಯಾದ ಮೂರೂ ಖುರ್ಚಿಗೆ ಹೆಸರು ಕೊಡೋನೂ ಅವನೇ. ಹೊಸ ಚೀಫ್ ಜಸ್ಟಿಸ್ ಮ್ಯಾಲ್ಕಮ್ ಲೂಕಸ್, ಆ ಗವರ್ನರನ ಹಳೇ ಲಾ ಪಾರ್ಟ್ನರು!

ಕಾರ್ಕಳದವ

ರೇನೋಸೋ ಬಗ್ಗೆ ಒಂದು ಮಾತು ಸೇರಿಸ್ತೇನೆ. ಹನ್ನೊಂದು ಮಕ್ಕಳ ಕುಟುಂಬ, ಹೊಲದ ಕೂಲಿ ಮಾಡಿದ ಜನ. ಮೇಲೆ ಗುದ್ದಲಿ ಕೇಸ್ ನಡೆಸಿದ ಸಂಸ್ಥೆ ಉಂಟಲ್ಲ, ಅದರ ಡೈರೆಕ್ಟರ್ ಆಗಿದ್ದವರು ಇವರೇ. ಆ ಕೋರ್ಟಿನ ಮೊದಲ ಲ್ಯಾಟಿನೋ ಜಡ್ಜ್, 1982ರಲ್ಲಿ ಬಂದದ್ದು, ನಾಲ್ಕೇ ವರ್ಷದಲ್ಲಿ ಜನ ಕಳಿಸಿದರು. 2000ದಲ್ಲಿ ಪ್ರೆಸಿಡೆಂಟ್ ಕ್ಲಿಂಟನ್ ಮೆಡಲ್ ಆಫ್ ಫ್ರೀಡಮ್ ಕೊಟ್ಟರು. ಗ್ರೋಡಿನ್ ಅಂತೂ ಕೆಲವು ಕೇಸಲ್ಲಿ ಮರಣದಂಡನೆ ಎತ್ತಿಹಿಡಿದಿದ್ದರು ಮಾರಾಯ್ರೆ, ಅವರನ್ನೂ ಬಿಡಲಿಲ್ಲ. ಕಸದ ಜೊತೆ ಪೈರನ್ನೂ ಕಿತ್ತ ಹಾಗೆ.

ಇನ್ನು ನಮ್ಮಲ್ಲಿ ಜಡ್ಜ್‌ಗಳಿಗೆ ಓಟು ಇಲ್ಲ, ಹಾಗಾಗಿ ಸ್ವತಂತ್ರ ಅಂತ ಯಾರೂ ಎದೆ ತಟ್ಟಿಕೊಳ್ಳುವುದು ಬೇಡ. ನಮ್ಮೂರ ಹತ್ತಿರದ ಕೌಡೂರಿನ ಕೆ. ಎಸ್. ಹೆಗ್ಡೆ ನೆನಪುಂಟಾ? 1973 ಏಪ್ರಿಲ್ 24ಕ್ಕೆ ಕೇಶವಾನಂದ ಭಾರತಿ ತೀರ್ಪು ಬಂತು, ನಮ್ಮ ಎಡನೀರು ಮಠದ ಸ್ವಾಮಿಗಳ ಕೇಸು, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸುವ ಹಾಗಿಲ್ಲ ಅಂತ. ಸರಕಾರದ ವಿರುದ್ಧ ಹೋದ ಶೆಲತ್, ಹೆಗ್ಡೆ, ಗ್ರೋವರ್ ಮೂವರು ಸೀನಿಯರ್‌ಗಳನ್ನೂ ದಾಟಿಸಿ ಎ. ಎನ್. ರೇ ಅವರನ್ನು ದೇಶದ ಚೀಫ್ ಜಸ್ಟಿಸ್ ಮಾಡಿದರು. ಮೂವರೂ ರಾಜೀನಾಮೆ. ಇಲ್ಲೂ ಮೂವರು, ಅಲ್ಲೂ ಮೂವರು. ನಮ್ಮಲ್ಲಿ ಓಟಿಲ್ಲದೇ ಆಯ್ತು, ಅಷ್ಟೇ ವ್ಯತ್ಯಾಸ. ಹೆಗ್ಡೆಯವರು ಆಮೇಲೆ ತಾವೇ ಜನರ ಹತ್ತಿರ ಓಟು ಕೇಳಿ ಬೆಂಗಳೂರು ದಕ್ಷಿಣದಿಂದ ಗೆದ್ದು 1977ರಲ್ಲಿ ಲೋಕಸಭೆ ಸ್ಪೀಕರ್ ಆದರು, ಬರ್ಡ್ ಚೀಫ್ ಜಸ್ಟಿಸ್ ಆದ ವರ್ಷವೇ.

ಕಡಕ್_ಚಾ

ಹೋಲಿಕೆ ಚೆನ್ನಾಗಿದೆ ಆದ್ರೆ ಪೂರ್ತಿ ಕೂರಲ್ಲ. ಅಲ್ಲಿ ಪ್ರಧಾನಿ ಒಬ್ರು ಮಾಡಿದ್ದು, ಇಲ್ಲಿ ಲಕ್ಷಾಂತರ ಜನ.

ಇನ್ನೊಂದು ಯಾರೂ ಹೇಳ್ತಿಲ್ಲ. 1978ರ ಕೌಡಿಯೋ ಕೇಸು. ರೇಪ್ ಅನ್ನೋದು ಆ ಕಾನೂನಿನ ಪ್ರಕಾರ "ದೊಡ್ಡ ದೈಹಿಕ ಗಾಯ" ಅಲ್ಲ ಅಂತ ತೀರ್ಪು, ಬರ್ಡ್ ಅದಕ್ಕೆ ಒಪ್ಪಿ ಪ್ರತ್ಯೇಕವಾಗಿ ಬೇರೆ ಬರೆದ್ರು. ಮೊದಲ ಮಹಿಳಾ ಚೀಫ್ ಜಸ್ಟಿಸ್! ಇದಕ್ಕೇನಂತೀರಾ ಸುಮಾ?

ಸನ್ನಿವೇಲ್_ಸುಮಾ

ಓದಿ ಮೈ ಉರೀತು, ಸುಳ್ಳು ಹೇಳಲ್ಲ. ನಾನೇ ಅಲ್ಲಿದ್ದಿದ್ರೆ 78ರಲ್ಲಿ ನೋ ಒತ್ತಿರ್ತಿದ್ನೇನೋ.

ಧಾರವಾಡ_ವಕೀಲ

ಮೈ ಉರಿಯೂದು ಸಹಜ ರೀ ಅಕ್ಕಾರ. ಆದ್ರ ಕೇಸ್ ಇದ್ದಿದ್ದು ರೇಪಿಗೆ ಶಿಕ್ಷೆ ಆಗಬೇಕೋ ಬ್ಯಾಡೋ ಅಂತಲ್ಲ, ಅದು ಆಗೇ ಆಗಿತ್ತು. ಅದರ ಮ್ಯಾಲೆ ಗಾಯದ ಲೆಕ್ಕದಾಗ ಹೆಚ್ಚಿನ ಶಿಕ್ಷೆ ಸೇರಸಬಹುದೇನು ಅನ್ನೂದಷ್ಟ ಪ್ರಶ್ನೆ. ಆಕಿ ಬರದದ್ದರ ತಿರುಳು ಏನಂದ್ರ, ಈ ಕೃತ್ಯ ಎಷ್ಟ ಅಸಹ್ಯ ಇದ್ರೂ ಶಾಸಕರು ಆ ಶಬ್ದಕ್ಕ ಕೊಟ್ಟ ಅರ್ಥ ನಾವು ಹಿಗ್ಗಸಾಕ ಬರೂದಿಲ್ಲ ಅಂತ. ಅಂದ್ರ ಚಾ ಅವ್ರ, ನೀವ ಬೇಕು ಅಂತೀರಲ್ಲ, "ಜನ ಮಾಡಿದ ಕಾನೂನು ಇದ್ದಂಗ ಓದ್ರಿ" ಅಂತ, ಅದನ್ನ ಆಕಿ ಅಲ್ಲಿ ಮಾಡ್ಯಾಳ. ಅದಕ್ಕೂ ಬೈಸಿಕೊಂಡ್ಳು. ಇದ್ದಂಗ ಓದಿದ್ರೂ ಬೈಗಳ, ಹಿಗ್ಗಿಸಿ ಓದಿದ್ರೂ ಬೈಗಳ.

ಇನ್ನ ಬೆಳಿಗ್ಗೆ ನೀವು ಕೇಳಿದ ಖುರ್ಚಿ ಪ್ರಶ್ನೆ. ನಾನು ಇಪ್ಪತ್ತ ವರ್ಷ ಪ್ರ್ಯಾಕ್ಟೀಸ್ ಮಾಡೀನಿ. ಜಾಮೀನು ಅರ್ಜಿ ಹಿಡಕೊಂಡು ನಿಂತಾಗ, ಮುಂಜಾನೆ ಪೇಪರಿನ್ಯಾಗ ಅದ ಕೇಸಿನ ದೊಡ್ಡ ಫೋಟೋ ಬಂದಿತ್ತಂದ್ರ ಜಡ್ಜ್ ಸಾಹೇಬ್ರ ಮಾರಿ ನೋಡಿದ ಕೂಡ್ಲೇ ಗೊತ್ತಾಗತೈತಿ ಇವತ್ತ ಆಗೂದಿಲ್ಲ ಅಂತ. ಓಟಿಲ್ಲದ ಊರಾಗ ಹಿಂಗ. ಇನ್ನ ಎರಡ ವರ್ಷಕ್ಕ ತಂದ ಹೆಸರು ಬ್ಯಾಲೆಟ್ ಮ್ಯಾಲೆ ಬರತೈತಿ ಅಂದ್ರ ಆ ಪೆನ್ನು ಹೆಂಗ ಓಡೀತು? ನನಗ ಅಷ್ಟ ಚಿಂತಿ. ಜನ ಕೇಳೂದು ತಪ್ಪಂತ ಅನ್ನೂದಿಲ್ಲ.

ಮ್ಯಾಡಿಸನ್_ಮಲ್ಲಿಗೆ

ನಿಮ್ಮ ಕ್ಯಾಲಿಫೋರ್ನಿಯಾದು ಏನೂ ಅಲ್ಲ, ನಮ್ಮ ವಿಸ್ಕಾನ್ಸಿನ್‌ಗೆ ಬನ್ನಿ! ಇಲ್ಲಿ ಯೆಸ್ ನೋ ಅಲ್ಲ, ಸುಪ್ರೀಂ ಕೋರ್ಟ್ ಸೀಟಿಗೆ ಇಬ್ರು ಎದುರುಬದುರು ನಿಂತು ಫೈಟ್, ಹತ್ತು ವರ್ಷದ ಅವಧಿ. 2025ರ ಏಪ್ರಿಲ್ 1ರಂದು ಸೂಸನ್ ಕ್ರಾಫರ್ಡ್ ಮತ್ತೆ ಬ್ರ್ಯಾಡ್ ಶಿಮೆಲ್ ಮಧ್ಯೆ ಆಯ್ತಲ್ಲ, ಖರ್ಚು ಹತ್ತಿರಹತ್ತಿರ ಹತ್ತು ಕೋಟಿ ಡಾಲರ್. ಇಲಾನ್ ಮಸ್ಕ್ ಶಿಮೆಲ್ ಪರ ಬಂದು ಗ್ರೀನ್ ಬೇನಲ್ಲಿ ವೇದಿಕೆ ಮೇಲೆ ನಿಂತು ವೋಟರ್‌ಗಳಿಗೆ ಹತ್ತು ಹತ್ತು ಲಕ್ಷ ಡಾಲರ್ ಚೆಕ್ಕು ಕೊಟ್ಟ. ನಮ್ಮ ಮನೆ ಪೋಸ್ಟ್ ಡಬ್ಬ ತೆಗೆದ್ರೆ ದಿನಾ ಮೂರ್ನಾಲ್ಕು ದಪ್ಪ ದಪ್ಪ ಕಾರ್ಡು, ಒಬ್ರು ರೇಪಿಸ್ಟ್‌ಗಳ ಪರ, ಇನ್ನೊಬ್ರು ಕೋಟ್ಯಧಿಪತಿಗಳ ಪರ ಅಂತ. ನನ್ನ ಮಗ ಎಂಟು ವರ್ಷ, "ಅಮ್ಮಾ ಜಡ್ಜ್ ಅಂದ್ರೆ ಕಳ್ಳನಾ" ಅಂತ ಕೇಳ್ದ. ಕ್ರಾಫರ್ಡ್ ಗೆದ್ರು ಅನ್ನಿ.

50ರಲ್ಲಿ 38 ರಾಜ್ಯದಲ್ಲಿ ಸುಪ್ರೀಂ ಕೋರ್ಟ್ ಜಡ್ಜ್‌ಗಳಿಗೆ ಒಂದಲ್ಲ ಒಂದು ಥರದ ವೋಟು ಇದೆ. ವೆಸ್ಟ್ ವರ್ಜೀನಿಯಾದಲ್ಲಿ ಕಲ್ಲಿದ್ದಲು ಕಂಪನಿ ಬಾಸ್ ಒಬ್ಬ ತನ್ನ ಕೇಸ್ ಅಪೀಲಿಗೆ ಹೋಗೋ ಮುಂಚೆ ಮೂವತ್ತು ಲಕ್ಷ ಡಾಲರ್ ಸುರಿದು ಜಡ್ಜ್‌ನ ಗೆಲ್ಲಿಸ್ಕೊಂಡ, ಆ ಜಡ್ಜು ಕೇಸಿಂದ ಹಿಂದೆ ಸರೀದೇ ಕಂಪನಿ ಪರ ವೋಟ್ ಹಾಕಿ, 2009ರಲ್ಲಿ ದೊಡ್ಡ ಕೋರ್ಟು ಇದು ಸರಿ ಅಲ್ಲ ಅನ್ಬೇಕಾಯ್ತು, ಅದೂ 5-4ರಲ್ಲಿ! ನಾಲ್ಕು ಜನಕ್ಕೆ ಅದೂ ಸರಿ ಅನ್ನಿಸ್ತು ನೋಡಿ.

ಅಯೋವಾದಲ್ಲೂ ಬರ್ಡ್ ಥರಾನೇ. 2009ರಲ್ಲಿ ಏಳೂ ಜನ ಒಮ್ಮತದಿಂದ ಸೇಮ್ ಸೆಕ್ಸ್ ಮದುವೆಗೆ ಓಕೆ ಅಂದ್ರು, 2010ರ ಬ್ಯಾಲೆಟ್ಟಲ್ಲಿ ಮೂವರ ಸರದಿ ಇತ್ತು, ಮೂವರೂ ಔಟ್, ಚೀಫ್ ಜಸ್ಟಿಸ್ ಮಾರ್ಷಾ ಟರ್ನಸ್ ಸೇರಿ. ತೀರ್ಪು ಮಾತ್ರ ಹಾಗೇ ಉಳೀತು.

ಕಾರ್ಕಳದವ

ಮತ್ತೆ ಮೂವರು! ಈ ಮೂರರ ಲೆಕ್ಕ ಯಾಕೋ ವಿಚಿತ್ರ ಉಂಟು.

ಧಾರವಾಡ_ವಕೀಲ

ಮರಣದಂಡನೆ ಒಂದ ಹಿಡಕೊಂಡು ಕುಂತ್ರ ಬರ್ಡ್ ಕೋರ್ಟಿಗೆ ಅನ್ಯಾಯ ಆಗತೈತ್ರಿ. ನನಗ ಆ ಕೋರ್ಟಿನ ಪರಿಚಯ ಆಗಿದ್ದ ಬ್ಯಾರೆ ದಾರಿಲೆ. ಮೊನೊ ಲೇಕ್ ಅಂತ ಐತಲ್ರಿ, ಉಪ್ಪಿನ ಸರೋವರ, ಯೋಸೆಮಿಟಿ ಆಚೆ ಮಗ್ಗಲಿಗೆ. ಅದಕ್ಕ ಸೇರೂ ಐದ ಹಳ್ಳದಾಗ ನಾಕನ್ನ ಲಾಸ್ ಏಂಜಲೀಸ್ ಊರು 1940ರ ದಶಕದಿಂದ ಕುಡಿಯೂ ನೀರಿಗಂತ ತಿರಗಿಸಿಕೊಂಡಿತ್ತು, ಕೆರೆ ಇಳದು ಇಳದು ನಡುವಿನ ನಡುಗಡ್ಡಿಗೆ ನೆಲದಿಂದ ದಾರಿ ಬಿದ್ದು, ನರಿ ಹೋಗಿ ಹಕ್ಕಿ ತತ್ತಿ ತಿನ್ನಾಕ ಹತ್ತಿದ್ವು. 1983ರಾಗ ಈ ಕೋರ್ಟು, ತೀರ್ಪು ಬರದದ್ದು ಜಸ್ಟಿಸ್ ಬ್ರೂಸಾರ್ಡ್, ಬರ್ಡ್ ಚೀಫ್ ಇದ್ದಾಗ, ಏನಂತಂದ್ರ ನೀರು ಸರ್ಕಾರದ ಸ್ವಂತ ಆಸ್ತಿ ಅಲ್ಲ, ಜನರ ಪರವಾಗಿ ಅದು ಬರೀ ಟ್ರಸ್ಟಿ, ಹಿಂದ ಕೊಟ್ಟ ಹಕ್ಕನ್ನೂ ಮರುಪರಿಶೀಲನೆ ಮಾಡಬೇಕಂತ.

ಹದಿಮೂರ ವರ್ಷ ಆದಮ್ಯಾಲೆ 1996ರಾಗ ನಮ್ಮ ಸುಪ್ರೀಂ ಕೋರ್ಟ್ ಎಂ. ಸಿ. ಮೆಹ್ತಾ ವರ್ಸಸ್ ಕಮಲನಾಥ ಕೇಸಿನ್ಯಾಗ, ಹಿಮಾಚಲದ ಬಿಯಾಸ್ ನದಿ ದಂಡಿ ಮ್ಯಾಲಿನ ಮೋಟೆಲ್ ಕೇಸು, ಈ ಮೊನೊ ಲೇಕ್ ತೀರ್ಪನ್ನ ಉದ್ದಕ ಎತ್ತಿ ಹಾಕಿ "ಪಬ್ಲಿಕ್ ಟ್ರಸ್ಟ್ ನಮ್ಮ ಕಾನೂನಿನ ಭಾಗನೂ ಹೌದು" ಅಂತ ಹೇಳ್ತು. ಇವತ್ತ ನಮ್ಮ ಕಡೆ ಕೆರೆ ಒತ್ತುವರಿ ಕೇಸು ನಡಸೂ ಮುಂದ ನಾವು ಕಮಲನಾಥ ತೀರ್ಪಿನ ಝೆರಾಕ್ಸ್ ಹಿಡಕೊಂಡ ಹೋಗ್ತೀವಿ, ಅದರ ಹೊಟ್ಟ್ಯಾಗ ಆ ಕ್ಯಾಲಿಫೋರ್ನಿಯಾ ಕೆರೆ ಐತಿ. 1986ರಾಗ ಯಾವ ಜಾಹೀರಾತಿನ್ಯಾಗೂ ಮೊನೊ ಲೇಕ್ ಬಂದಿದ್ದಿಲ್ಲ ಅಂತ ನನ್ನ ಅಂದಾಜು. ಹಳೇ ಸ್ಯಾನೋಸೆ ಅಣ್ಣಾವ್ರ ಹೇಳಬೇಕು.

ಹಳೇ_ಸ್ಯಾನೋಸೆ

ನನಗೆ ನೆನಪಿರೋ ಮಟ್ಟಿಗೆ ಇಲ್ಲಪ್ಪ. ಮಕ್ಕಳ ಫೋಟೋ ಮಾತ್ರ ನೆನಪಿದೆ.

ಝೆರಾಕ್ಸ್ ಅಂದ್ರಲ್ಲ, ಅದಕ್ಕೇ ಇದು ಜ್ಞಾಪಕ ಬಂತು. ಬರ್ಡ್ ಸೋತ ಮೇಲೆ ಏನಾದ್ರು ಅಂತ ಯಾರೂ ಕೇಳ್ಲಿಲ್ಲ. ಸಾಮಾನ್ಯವಾಗಿ ಇಲ್ಲಿ ಅಂಥ ಹುದ್ದೆಲಿದ್ದೋರು ಇಳಿದ ಮಾರನೇ ದಿನ ದೊಡ್ಡ ಲಾ ಫರ್ಮಿಗೆ ಹೋಗಿ ಕೂರ್ತಾರೆ. ಇವ್ರು ಹೋಗ್ಲಿಲ್ಲ. ಪಾಲೋ ಆಲ್ಟೋದಲ್ಲಿ ಅಮ್ಮನ ನೋಡ್ಕೊಂಡಿದ್ರು. 1976ರಲ್ಲೇ ಬ್ರೆಸ್ಟ್ ಕ್ಯಾನ್ಸರ್ ಆಪರೇಷನ್ ಆಗಿತ್ತು, ಚೀಫ್ ಜಸ್ಟಿಸ್ ಆಗೋ ಮುಂಚೆನೇ. ಅದು ಮತ್ತೆ ಮತ್ತೆ ಬರೋದು. ಅಷ್ಟು ವರ್ಷ ಅದನ್ನ ಇಟ್ಕೊಂಡೇ ಕೆಲಸ ಮಾಡಿದ್ದು. ತೊಂಬತ್ತರ ದಶಕದಲ್ಲಿ ಈಸ್ಟ್ ಪಾಲೋ ಆಲ್ಟೋದಲ್ಲಿ ಬಡವರಿಗೆ ಕಾನೂನು ನೆರವು ಕೊಡೋ ಒಂದು ಆಫೀಸಿಗೆ ಹೋಗಿ ವಾಲಂಟಿಯರ್ ಮಾಡ್ತೀನಿ ಅಂದ್ರು, ತಾನು ಯಾರು ಅಂತ ಹೇಳ್ಲಿಲ್ಲ. ಅವ್ರು ಝೆರಾಕ್ಸ್ ಮಾಡೋಕೆ ಹಚ್ಚಿದ್ರು. ಮಾಡಿದ್ರು.

1999 ಡಿಸೆಂಬರ್ 4ಕ್ಕೆ ತೀರಿಕೊಂಡ್ರು, 63 ವರ್ಷ.

ಅಧಿಕಾರದಲ್ಲಿದ್ದಾಗ ಚೀಫ್ ಜಸ್ಟಿಸ್‌ಗೆ ಅಂತ ಇದ್ದ ಕ್ಯಾಡಿಲಾಕ್ ಕಾರು ಬೇಡ ಅಂತ ಮಾರಿಸಿದ್ರು. ಅದಕ್ಕೂ ಒಳಗಿನ ಜಡ್ಜ್‌ಗಳಿಗೆ ಮುನಿಸಂತೆ, ಇದೇನು ನಾಟಕ ಅಂತ. ನನ್ನ ಕೇಳಿದ್ರೆ ಆಯಮ್ಮಂಗೆ ಜನರ ಜೊತೆ ಬೆರೆಯೋಕೆ ಬರ್ತಿರ್ಲಿಲ್ಲ, ಅದು ನಿಜ. ಜೊತೆಗಿದ್ದ ಆರು ಜನನ್ನೇ ಒಲಿಸ್ಕೊಳ್ಳೋಕೆ ಆಗದೋರು ಇಡೀ ರಾಜ್ಯನ ಹೇಗೆ ಒಲಿಸ್ಕೊಂಡಾರು? ಆದ್ರೆ ಜಡ್ಜ್ ಅಂದ್ಮೇಲೆ ಒಲಿಸ್ಕೋಬೇಕಾ ಅನ್ನೋದಕ್ಕೆ ಚಾ ಅವ್ರೇ, ನನಗೆ ನಿಮ್ಮಷ್ಟು ಸಲೀಸಾಗಿ ಉತ್ತರ ಬರ್ತಿಲ್ಲ.

ಕಡಕ್_ಚಾ

ಝೆರಾಕ್ಸ್ ವಿಷಯ ಗೊತ್ತಿರ್ಲಿಲ್ಲ ಸರ್. ಗೌರವ ಇದೆ. ಆದ್ರೂ ನಾನು ನೋ ಅಂತಾನೇ ಒತ್ತಿರ್ತಿದ್ದೆ, 61ಕ್ಕೆ 61 ನನಗೆ ಇಳಿಯಲ್ಲ. ಗ್ರೋಡಿನ್, ರೇನೋಸೋ ಇಬ್ರಿಗೂ ಮಾತ್ರ ಯೆಸ್.

ಕಾರ್ಕಳದವ

ಅಷ್ಟಾದರೂ ಒಬ್ಬೊಬ್ಬರನ್ನೇ ಬೇರೆ ಬೇರೆ ನೋಡಿದಿರಲ್ಲ. 86ರಲ್ಲಿ ಅಷ್ಟು ಮಾಡಿದವರು ಕಮ್ಮಿ.

ಸನ್ನಿವೇಲ್_ಸುಮಾ

ನಿನ್ನೆ ಸಂಜೆ ಅಜ್ಜಿ ಮನೆಗೆ ಕೋಡುಬಳೆ ತಗೊಂಡು ಹೋಗಿ ಈ ಥ್ರೆಡ್ ಪೂರ್ತಿ ಇಂಗ್ಲಿಷಲ್ಲಿ ಓದಿ ಹೇಳ್ದೆ. ಕಡಕ್ ಚಾ ಅವ್ರ ವಾದ ಬಂದಾಗ ಹೌದು ಹೌದು ಅಂತ ತಲೆ ಆಡಿಸಿದ್ರು, ಆಗ ನಾನೂ ಹಾಗೇ ಅಂದ್ಕೊಂಡಿದ್ದೆ ಅಂತ. ಝೆರಾಕ್ಸ್ ಕಥೆಗೆ ಬಂದಾಗ ಕೋಡುಬಳೆ ಕೆಳಗಿಟ್ಟು ಯಾವ ಆಫೀಸು ಅಂದ್ರು. ಈಸ್ಟ್ ಪಾಲೋ ಆಲ್ಟೋ ಅಂದೆ. ಆಗ ನಾನೂ ಅದೇ ಊರಿನ ಸ್ಕೂಲಲ್ಲಿ ಟೀಚರ್ ಆಗಿದ್ದೆ, ರಸ್ತೇಲಿ ಸಿಕ್ಕಿದ್ರೂ ಗುರುತು ಹಿಡೀತಿರ್ಲಿಲ್ವೇನೋ ಅಂದ್ರು. ಆಮೇಲೆ ಬಹಳ ಹೊತ್ತು ಟಿವಿ ಮ್ಯೂಟಲ್ಲೇ ಓಡ್ತಿತ್ತು.

ಬರೋ ಬ್ಯಾಲೆಟ್‌ಗೆ ಇಬ್ರೂ ಒಟ್ಟಿಗೆ ಕೂತು ಒಬ್ಬೊಬ್ಬರ ತೀರ್ಪೂ ಓದೋಣ ಅಂತ ಮಾತಾಗಿದೆ. ವಕೀಲರೇ, ಎಲ್ಲಿಂದ ಶುರು ಮಾಡ್ಬೇಕು ಅಂತ ಇನ್‌ಬಾಕ್ಸಲ್ಲಿ ಹೇಳಿ.

ಮಂಡ್ಯದ್_ಮಗ

ಆ ಗಿಡ್ಡ ಗುದ್ಲಿ ಈಗ ಎಲ್ಲಾರ ನೋಡಕ್ ಸಿಗ್ತದಾ ಅಣ್ಣ?

ಹಳೇ_ಸ್ಯಾನೋಸೆ

ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿ ಒಂದನ್ನ ಇಟ್ಟಿದಾರೆ ಗೌಡ್ರೇ, ಒಬ್ಬ ಕೂಲಿಯವರು ಬಳಸ್ತಿದ್ದಿದ್ದು. ನೆಟ್ಟಲ್ಲೂ ಫೋಟೋ ಇದೆ.

ಮಂಡ್ಯದ್_ಮಗ

ನೋಡ್ದೆ ಅಣ್ಣ. ನಮ್ಮವ್ವುನ್ ವಾರೆ ಇದುಕ್ಕಿಂತ ಗಿಡ್ಡ. ಇನ್ನೂ ಸೂರಲ್ಲಿ ಸಿಗ್ಸದೆ, ಹಬ್ಬಕ್ಕೆ ಊರಿಗೋದಾಗ ಫೋಟೋ ತಗ್ದು ಇಲ್ಲೇ ಹಾಕ್ತೀನಿ.